ಬೀದಿಯಲ್ಲಿ ನಿಜಕ್ಕೂ ಕೈಹಿಡಿಯುವ ಆತ್ಮರಕ್ಷಣೆಯ ಕಲೆ ಯಾವುದು? ಕಲಿತವರು ಅನುಭವ ಹೇಳಿ

ರಾತ್ರಿಪಾಳಿ:
ನನಗೆ 34 ವರ್ಷ. ಹೋದ ತಿಂಗಳು ಕೆಲಸ ಮುಗಿಸಿ ನಡೆದು ಬರುವಾಗ ಇಬ್ಬರು ಹಿಂದಿನಿಂದ ತಳ್ಳಿ ಫೋನ್ ಕಿತ್ತುಕೊಂಡು ಹೋದರು. ಪೆಟ್ಟೇನೂ ಆಗಲಿಲ್ಲ. ಆದರೆ ಆ ಹೊತ್ತಿಗೆ ಕೈಕಾಲೇ ಆಡಲಿಲ್ಲ. ಅದು ಇನ್ನೂ ಚುಚ್ಚುತ್ತಿದೆ. ವಾರಕ್ಕೆ ಎರಡು ಸಂಜೆ ಬಿಡುವಿದೆ. ಎಡ ಮಂಡಿಗೆ ಹಳೇ ಪೆಟ್ಟು, ಕೂತು ಏಳುವಾಗ ಕಟಕಟ ಅನ್ನುತ್ತದೆ. ನಾನು ಏನು ಕಲಿತರೆ ಒಳ್ಳೆಯದು?

ಮುರುಟಿದ ಕಿವಿ:
ಜಿಯು ಜಿತ್ಸು, ನೆಲಕ್ಕೆ ಕೆಡವಿ ಹಿಸುಕಿ ತಿರುಚುವ ಕಲೆ. ಯೋಚನೆ ಮಾಡೋದೇ ಬೇಡ. ನನಗೆ ಏಳು ವರ್ಷವಾಯಿತು, ಈಗ ನೇರಳೆ ಬೆಲ್ಟ್. ಮೊದಲ ಎಂಟು ತಿಂಗಳು ನಾನು ಬರೀ ಕೆಳಗೇ ಇದ್ದೆ. ನನಗಿಂತ ಇಪ್ಪತ್ತು ಕೆಜಿ ಕಡಿಮೆ ತೂಗುವ ಹುಡುಗ ಎದೆ ಮೇಲೆ ಕೂತು ಕತ್ತು ಹಿಸುಕುತ್ತಿದ್ದ. ಸೋತೆ ಅಂತ ಕೈ ತಟ್ಟಿ ಟ್ಯಾಪ್ ಮಾಡಿದ ಮೇಲೆ "ಸರ್, ಉಸಿರಾಡೋದು ಮರೀಬೇಡಿ" ಅನ್ನುತ್ತಿದ್ದ. ಅವಮಾನ ಅಂದರೆ ಏನು ಅಂತ ಅಲ್ಲಿ ಗೊತ್ತಾಯಿತು.

ಖರ್ಚು ಹೇಳುತ್ತೇನೆ. ದುಡ್ಡಿನದಲ್ಲ, ಮೈಯದು. ಎರಡನೇ ವರ್ಷ ಎಡ ಕಿವಿಯಲ್ಲಿ ರಕ್ತ ಕಟ್ಟಿತು. ಸಿರಿಂಜ್ ಹಾಕಿಸಿ ತೆಗೆಸಿದೆ. ಮೂರು ದಿನಕ್ಕೆ ಮತ್ತೆ ತುಂಬಿತು. ಮತ್ತೆ ಸಿರಿಂಜ್. ಹೀಗೆ ನಾಲ್ಕು ಸಲ. ಐದನೇ ಸಲ ಸಾಕಾಗಿ ಹಾಗೇ ಬಿಟ್ಟೆ, ಗಟ್ಟಿಯಾಗಿ ಕೂತಿತು. ಆ ಕಿವಿಗೆ ಈಗ ಇಯರ್‌ಫೋನ್ ನಿಲ್ಲುವುದಿಲ್ಲ. ಗೀ, ಅಂದರೆ ಅಭ್ಯಾಸಕ್ಕೆ ಹಾಕುವ ದಪ್ಪ ಅಂಗಿ, ಹಿಡಿದು ಹಿಡಿದು ಬೆರಳ ಗೆಣ್ಣುಗಳು ಊದಿವೆ. ಬೆಳಗ್ಗೆ ಎದ್ದ ಕೂಡಲೇ ಟೂತ್‌ಬ್ರಷ್ ಹಿಡಿಯಲು ಆಗುವುದಿಲ್ಲ, ಎರಡು ನಿಮಿಷ ಬೆರಳು ಮಡಚಿ ಬಿಡಿಸಬೇಕು. ಹುಳುಕಡ್ಡಿ ಎರಡು ಸಲ. ಎರಡನೇ ಸಲ ಮೂರು ವಾರ ಮ್ಯಾಟ್ ಹತ್ತಲಿಲ್ಲ.

ಆದರೂ ಇದೇ ಅನ್ನುತ್ತೇನೆ. ಬೇರೆ ಬೇರೆ ಕಲೆಯವರು ಎದುರಾಬದುರಾದ 1993ರ ಮೊದಲ ಯುಎಫ್‌ಸಿ ಪಂದ್ಯಾವಳಿ ನೆನಪಿಸಿಕೊಳ್ಳಿ. ನಮ್ಮ ಜಿಯು ಜಿತ್ಸುವಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ. ಅವನೇನು ದಾಂಡಿಗನಲ್ಲ. ಮೊದಲು ಎದುರಾದ ಬಾಕ್ಸರ್ ಆರ್ಟ್ ಜಿಮ್ಮರ್ಸನ್ ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ. ಕೆಳಗೆ ಬಿದ್ದ. ಮೇಲೆ ರಾಯ್ಸ್ ಕೂತ. ಇನ್ನೂ ಕೈಯೂ ತಿರುಚಿರಲಿಲ್ಲ, ಕತ್ತೂ ಹಿಸುಕಿರಲಿಲ್ಲ, ಇವನು ಟ್ಯಾಪ್ ಮಾಡಿದ. ಮುಗೀತು ಕಥೆ.

ಎಡಗೈ:
ಆ ಒಂದು ಗ್ಲೌಸಿನ ಕಥೆ ಇನ್ನೆಷ್ಟು ವರ್ಷ ಹೇಳುತ್ತೀರಿ ಮಾರಾಯ್ರೆ? ಆ ಪಂದ್ಯ ಶುರು ಮಾಡಿದವರಲ್ಲಿ ರಾಯ್ಸ್‌ನ ಅಣ್ಣ ರೋರಿಯನ್ ಕೂಡ ಒಬ್ಬ. ಬಡಿಸುವವರು ನಮ್ಮವರಾದರೆ ಎಲ್ಲಿ ಕೂತರೇನು, ಅಲ್ವಾ? ಪ್ರಶ್ನೆ ಕೇಳಿದವರ ಮೇಲೆ ಬಿದ್ದದ್ದು ಇಬ್ಬರು. ಒಬ್ಬನನ್ನು ಅಪ್ಪಿಕೊಂಡು ನೆಲದಲ್ಲಿ ಮಲಗಿದರೆ ಇನ್ನೊಬ್ಬ ಏನು ಮಾಡುತ್ತಾನೆ? ಸರದಿ ಬರಲಿ ಅಂತ ಕಾಯುತ್ತಾನಾ?

ಬಾಕ್ಸಿಂಗ್ ಒಂಬತ್ತು ವರ್ಷ ಮಾಡಿದ್ದೇನೆ. ಎಡಚ. ಒಂದು ಸಲ ಪಾರ್ಕಿಂಗ್‌ನಲ್ಲಿ ಗಾಡಿ ತಾಗಿದ ವಿಷಯಕ್ಕೆ ಒಬ್ಬ ಕಾಲರ್ ಹಿಡಿದ. ಬಿಡಿ ಅಂದೆ, ಎರಡು ಸಲ ಅಂದೆ. ಬಲಗೈ ಎತ್ತಿದ. ನೇರ ಎಡಗೈ ಗಲ್ಲಕ್ಕೆ ಹೋಯಿತು, ಕೂತುಬಿಟ್ಟ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಎದ್ದು ಬಂದ, ಇನ್ನೊಂದು ಕೊಟ್ಟೆ. ಅವನು ತಲೆ ತಗ್ಗಿಸಿದ, ಗುದ್ದು ಹಣೆಗೆ ಬಿತ್ತು. ಸಣ್ಣ ಕಡ್ಡಿ ಮುರಿದ ಹಾಗೆ ಸದ್ದು. ಮುರಿದದ್ದು ನನ್ನದು.

ಡಾಕ್ಟರು ಎಕ್ಸ್-ರೇ ನೋಡುವ ಮೊದಲೇ "ಯಾರಿಗೆ ಹೊಡೆದಿರಿ?" ಅಂದರು. ಕಿರುಬೆರಳ ಬುಡದ ಮೂಳೆ. ಅದಕ್ಕೆ ಹೆಸರೇ ಬಾಕ್ಸರ್ ಫ್ರ್ಯಾಕ್ಚರ್. ಆರು ವಾರ ಪ್ಲಾಸ್ಟರ್. ಶರ್ಟಿನ ಗುಂಡಿ ಹಾಕಲು ಆಗುತ್ತಿರಲಿಲ್ಲ. ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ, ಅದೂ ಸೋರುತ್ತಿತ್ತು. ಬಲಗೈಯಲ್ಲಿ ಹಾಕಿದ ಸಹಿ ಬ್ಯಾಂಕಿನಲ್ಲಿ ತಾಳೆಯಾಗಲಿಲ್ಲ, ಎರಡು ಸಲ ವಾಪಸ್. ಪ್ಲಾಸ್ಟರ್ ಬಿಚ್ಚಿದ ಮೇಲೆ ಮುಷ್ಟಿ ಮುಚ್ಚಲು ಇನ್ನೊಂದು ತಿಂಗಳು. ಈಗಲೂ ಮುಷ್ಟಿ ಕಟ್ಟಿದರೆ ಮೂರೇ ಗೆಣ್ಣು ಕಾಣುತ್ತವೆ, ನಾಲ್ಕನೆಯದು ಒಳಗೆ ಕೂತಿದೆ. ಜಿಮ್ಮಿನಲ್ಲಿ ಪಟ್ಟಿ ಸುತ್ತಿ ಗ್ಲೌಸ್ ಹಾಕಿ ಹೊಡೆಯುತ್ತೇವೆ, ಬೀದಿಯಲ್ಲಿ ಬರಿಗೈ. ಟೈಸನ್‌ಗೇ 1988ರಲ್ಲಿ ಬೀದಿ ಜಗಳದಲ್ಲಿ ಬಲಗೈ ಮೂಳೆ ಬಿರುಕು ಬಿಟ್ಟಿತ್ತು. ಇನ್ನು ನಾನ್ಯಾವ ಲೆಕ್ಕ.

ಮುರುಟಿದ ಕಿವಿ:
ಅಂದರೆ ನಿಮ್ಮ ಕಲೆ ಒಂದು ಸಲ ಬಳಸಿದರೆ ಎರಡೂವರೆ ತಿಂಗಳು ರಜೆ.

ಎಡಗೈ:
ನಿಮ್ಮ ಕಲೆ ಒಂದು ಸಲವೂ ಬಳಸದೆ ಕಿವಿ ಹೋಯಿತಲ್ಲ ಸರ್. ಬೀದಿಯಲ್ಲಿ ಎಷ್ಟು ಜನರನ್ನು ಹಿಸುಕಿದ್ದೀರಿ, ಹೇಳಿ ನೋಡೋಣ?

ಬೀಳಲು ಕಲಿತವಳು:
ಗಂಡಸರ ಲೆಕ್ಕಾಚಾರ ಆಯಿತಾ? ನಿಮ್ಮ ಕಥೆಗಳಲ್ಲಿ ಎದುರಿನವನು ಯಾವಾಗಲೂ ಎರಡು ಹೆಜ್ಜೆ ದೂರ ನಿಂತು ಮಾತಾಡುತ್ತಾನೆ. ನಮ್ಮ ಹತ್ತಿರ ಹಾಗೆ ಯಾರೂ ನಿಲ್ಲುವುದಿಲ್ಲ. ಮಣಿಕಟ್ಟು ಹಿಡಿಯುತ್ತಾನೆ, ಇಲ್ಲವೇ ಹಿಂದಿನಿಂದ ಕತ್ತಿನ ಸುತ್ತ ಕೈ ಹಾಕುತ್ತಾನೆ. ಹಿಡಿತದಿಂದಲೇ ಶುರು. ಜೂಡೋ ಇರುವುದೇ ಅಲ್ಲಿ.

ಹನ್ನೊಂದು ವರ್ಷ ಮಾಡಿದ್ದೇನೆ. ಮೊದಲ ಎರಡು ತಿಂಗಳು ಎಸೆಯುವುದು ಕಲಿಸಲೇ ಇಲ್ಲ, ಬರೀ ಬೀಳುವುದು. ಗದ್ದ ಎದೆಗೆ ಒತ್ತು, ಅಂಗೈ ಚಪ್ಪಟೆಯಾಗಿ ನೆಲಕ್ಕೆ ಬಡಿ, ತಲೆ ತಾಗಿಸಬೇಡ. ಒಂದೊಂದು ಸಂಜೆ ನೂರು ಸಲ. ನನ್ನ ಜೊತೆ ಸೇರಿದ ಒಂಬತ್ತು ಜನರಲ್ಲಿ ಆರು ಜನ ಆಗಲೇ ಬಿಟ್ಟರು.

ಮೆಟ್ಟಿಲ ತಿರುವಿನಲ್ಲಿ ಒಬ್ಬ ಹಿಂದಿನಿಂದ ಕತ್ತಿಗೆ ಕೈ ಹಾಕಿದ. ನಾನು ಏನೂ ಯೋಚಿಸಲಿಲ್ಲ. ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದದ್ದು ನೆನಪಿದೆ. ಮಂಡಿ ತಾನಾಗಿ ಬಗ್ಗಿತು, ಸೊಂಟ ಅವನ ಸೊಂಟದ ಕೆಳಗೆ ಹೋಯಿತು. ಸೆಯೊಯಿ ನಾಗೆ, ಬೆನ್ನ ಮೇಲಿಂದ ಎಸೆಯುವ ಪಟ್ಟು. ಮ್ಯಾಟ್ ಮೇಲೆ ಬೀಳುವ ಸದ್ದೇ ಬೇರೆ, ಸಿಮೆಂಟ್ ಮೇಲೆ ಬೀಳುವ ಸದ್ದೇ ಬೇರೆ. ಅವನಿಗೆ ಬೀಳಲು ಬರುತ್ತಿರಲಿಲ್ಲ. ತೋಳು ಮುರಿಯಿತು. ಸ್ಟೇಷನ್‌ನಲ್ಲಿ ನಾಲ್ಕು ತಾಸು ಕೂರಿಸಿದರು. "ಅಷ್ಟು ಜೋರಾಗಿ ಎಸೆಯಬೇಕಿತ್ತಾ?" ಅಂತ ಮೂರು ಜನ ಬೇರೆ ಬೇರೆಯಾಗಿ ಕೇಳಿದರು. ಹೇಳಿಕೆ ಮೂರು ಸಲ ಬರೆಸಿದರು. ಸಿಟ್ಟು ಇಳಿದಿಲ್ಲ ಇನ್ನೂ.

ನನಗೆ ಪೆಟ್ಟಾದದ್ದು ಬೀದಿಯಲ್ಲಲ್ಲ, ಅಭ್ಯಾಸದಲ್ಲಿ. ಜೊತೆಗಾರ್ತಿ ಎಸೆದು ನನ್ನ ಮೇಲೇ ಬಿದ್ದಳು, ಭುಜದ ತುದಿಯ ಕೀಲು ಬಿಟ್ಟಿತು. ಎರಡು ತಿಂಗಳು ಅಮ್ಮ ತಲೆ ಬಾಚಿದರು. ಆ ಮೂಳೆ ಇವತ್ತಿಗೂ ಗುಬುಟಾಗಿ ಎದ್ದು ನಿಂತಿದೆ, ಬ್ಯಾಗಿನ ಪಟ್ಟಿ ಅದರ ಮೇಲೆ ಕೂರುವುದಿಲ್ಲ.

ಪಟ್ಟು:
ಅಕ್ಕಾ, ಎಲ್ಲಾ ಸರಿ. ಆದರೆ ಜೂಡೋದವರು ಪಂದ್ಯದಲ್ಲಿ ಕಾಲು ಹಿಡಿಯುವುದನ್ನು 2010ರಿಂದಲೇ ಕತ್ತರಿಸುತ್ತಾ ಬಂದು 2013ರಲ್ಲಿ ಪೂರ್ತಿ ತೆಗೆದುಹಾಕಿದರು. ಬೀದಿಯಲ್ಲಿ ಒಬ್ಬ ಕಾಲಿಗೇ ಬಂದರೆ ರೆಫ್ರಿ ಕರೆಯುತ್ತೀರಾ? ಕುಸ್ತಿ ಮಾಡಿದವನ ಮುಂದೆ ನಿಂತು ನೋಡಿ, ನಿಮಗೆ ಕಾಲರ್ ಹಿಡಿಯಲೂ ಸಮಯ ಸಿಗುವುದಿಲ್ಲ.

ಬೀಳಲು ಕಲಿತವಳು:
ಅಕ್ಕ ಅಂತ ಕರೆದು ಪಾಠ ಹೇಳಬೇಡಿ. ನಿಷೇಧ ಇರುವುದು ಪಂದ್ಯಕ್ಕೆ. ನಮ್ಮ ಮೇಷ್ಟ್ರು ಈಗಲೂ ಕಾಲು ಹಿಡಿಯುವುದನ್ನೂ ಕಲಿಸುತ್ತಾರೆ, ಬಿಡಿಸಿಕೊಳ್ಳುವುದನ್ನೂ ಕಲಿಸುತ್ತಾರೆ. ಜೂಡೋ ಕಟ್ಟಿದ ಕಾನೊ 1882ರಲ್ಲಿ ಶುರು ಮಾಡಿದ್ದು ಪದಕಕ್ಕಲ್ಲ. ಒಲಿಂಪಿಕ್ಸ್‌ಗೆ ಜೂಡೋ ಬಂದದ್ದೇ 1964ರಲ್ಲಿ. ಹೆಂಗಸರಿಗೆ ಅಲ್ಲಿ ಪದಕ ಸಿಕ್ಕಲು 1992 ಆಗಬೇಕಾಯಿತು. ಅಲ್ಲಿಯವರೆಗೆ ಅವರೇನು ಸುಮ್ನೆ ಕೂತಿದ್ದರಾ?

ಶಾಯಿ ಶರ್ಟ್:
ಏನು ಬೇಕಾದರೂ ಸೇರಿ, ಕ್ರಾವ್ ಮಗಾ ಅನ್ನುವ ಇಸ್ರೇಲಿ ಆತ್ಮರಕ್ಷಣೆಯ ಆರು ತಿಂಗಳ ಕೋರ್ಸ್ ಮಾತ್ರ ಬೇಡ. ನನ್ನ ಸರ್ಟಿಫಿಕೇಟ್ ಫ್ರೇಮ್ ಹಾಕಿಸಿದ್ದೆ. ಈಗ ಅಟ್ಟದ ಮೇಲಿದೆ.

ರಬ್ಬರ್ ಚಾಕು ಕೊಡುತ್ತಿದ್ದರು. ಜೊತೆಯವನು ಒಂದೇ ಒಂದು ಸಲ ನಿಧಾನವಾಗಿ ಚುಚ್ಚುತ್ತಿದ್ದ. ಚುಚ್ಚಿದ ಮೇಲೆ ಕೈಯನ್ನು ಗಾಳಿಯಲ್ಲೇ ಬಿಟ್ಟು ನಿಲ್ಲುತ್ತಿದ್ದ, ಗೂಟದ ಹಾಗೆ. ನಾನು ತಡೆದು, ತಿರುಚಿ, ಚಾಕು ಕಿತ್ತು, ಗಂಟಲಿಗೆ ಮೊಣಕೈ. ಎಂಥಾ ಖುಷಿ! ಒಂದು ದಿನ ಹೊಸ ಹುಡುಗ ಬಂದ. ಅವನು ಚುಚ್ಚಿ ಎಳೆದು, ಚುಚ್ಚಿ ಎಳೆದು, ಬಿಡದೆ ಚುಚ್ಚತೊಡಗಿದ. ಟ್ರೈನರ್ ಅವನನ್ನೇ ಬೈದರು. "ಹಾಗೆ ಮಾಡಬಾರದು, ಡ್ರಿಲ್ ಹಾಳಾಗುತ್ತೆ."

ಮನೆಗೆ ಬಂದು ತಂಗಿ ಮಗನ ಕೈಗೆ ಮಾರ್ಕರ್ ಪೆನ್ ಕೊಟ್ಟೆ. ಹದಿನಾಲ್ಕು ವರ್ಷದ ಹುಡುಗ. ಬಿಳಿ ಶರ್ಟ್ ಹಾಕಿಕೊಂಡು, ಬಾ ಅಂದೆ. ಅರ್ಧ ನಿಮಿಷದಲ್ಲಿ 23 ಗೆರೆ. ಕತ್ತಿನಲ್ಲಿ ಎರಡು, ಕಂಕುಳ ಕೆಳಗೆ ಒಂದು ಉದ್ದದ್ದು. ಅವನು ನಗುತ್ತಿದ್ದ. ಆ ಶರ್ಟ್ ಒಗೆದಿಲ್ಲ, ಹಾಗೇ ಇಟ್ಟಿದ್ದೇನೆ.

ಆ ಪದ್ಧತಿ ಕಟ್ಟಿದ ಇಮಿ ಲಿಖ್ಟೆನ್‌ಫೆಲ್ಡ್ 1930ರ ದಶಕದಲ್ಲಿ ಯುರೋಪಿನ ಬ್ರಾಟಿಸ್ಲಾವ ನಗರದ ಬೀದಿಗಳಲ್ಲಿ ನಿಜವಾಗಿ ಹೊಡೆದಾಡಿದ ಮನುಷ್ಯ. ಅದಕ್ಕೂ ಮೊದಲೇ ಕುಸ್ತಿ, ಬಾಕ್ಸಿಂಗ್ ಎರಡರಲ್ಲೂ ಪಳಗಿದ್ದ. ನನಗೆ ಎರಡೂ ಬರುತ್ತಿರಲಿಲ್ಲ. ತಳಪಾಯ ಇಲ್ಲದೆ ಮೂರನೇ ಮಹಡಿ ಕಟ್ಟಿಕೊಟ್ಟರು.

ಕಾವಲುಗಾರ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದನ್ನೇ ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ನಮ್ಮಲ್ಲಿ ಪ್ರತಿ ಕ್ಲಾಸಿನ ಕೊನೆಗೆ ಹದಿನೈದು ನಿಮಿಷ ಸ್ಪಾರಿಂಗ್, ಅಂದರೆ ಎದುರಾಬದುರಾ ಹೊಡೆದಾಟದ ಅಭ್ಯಾಸ, ಇರುತ್ತದೆ, ತುಟಿ ಒಡೆಯದ ವಾರವಿಲ್ಲ. ಕೆಟ್ಟ ಕಡೆ ಸೇರಿದ್ದು ನಿಮ್ಮ ತಪ್ಪು.

ಶಾಯಿ ಶರ್ಟ್:
ನಿಮ್ಮಲ್ಲಿ ಮಾರ್ಕರ್ ಕೊಟ್ಟು ನೋಡಿದ್ದೀರಾ? ಹೌದು, ಇಲ್ಲ, ಅಷ್ಟೇ ಹೇಳಿ.

ಕಾವಲುಗಾರ:
ಚಾಕು ಕಂಡರೆ ಓಡಿ ಅಂತ ನಮಗೆ ಮೊದಲ ದಿನವೇ ಹೇಳುತ್ತಾರೆ.

ಶಾಯಿ ಶರ್ಟ್:
ಅದಕ್ಕೆ ನಾಲ್ಕು ವರ್ಷ ಬೇಕಾಯಿತಾ?

ವಕ್ರಮೂಗು:
ಕ್ಯೋಕುಶಿನ್ ಕರಾಟೆ, ಹದಿನಾಲ್ಕು ವರ್ಷ. ಮಾಸ್ ಓಯಾಮ ಕಟ್ಟಿದ್ದು. ಗಾಳಿಗೆ ಗುದ್ದಿ ಕೂಗುವ ಕರಾಟೆ ಅಲ್ಲ ಇದು. ಪೂರ್ತಿ ಬಲದಿಂದ ಎದೆಗೆ ಗುದ್ದು, ತೊಡೆಗೆ ಒದೆ. ಒಂದೇ ಒಂದು ವಿಷಯ: ಪಂದ್ಯದಲ್ಲಿ ಕೈಯಿಂದ ಮುಖಕ್ಕೆ ಹೊಡೆಯುವಂತಿಲ್ಲ. ಆ ಒಂದು ವಿಷಯದ ಬೆಲೆ ನನ್ನ ಮೂಗು.

ಒಬ್ಬ ಕುಡಿದು ಮೈಮೇಲೆ ಬಂದ. ಎಲ್ಲೂ ಏನೂ ಕಲಿತವನಲ್ಲ. ಕೈ ದೊಡ್ಡದಾಗಿ ಸುತ್ತಿ ಬೀಸಿದ, ಬರುವುದು ಕಾಣುತ್ತಿತ್ತು. ನನ್ನ ಕೈಗಳು ಎಲ್ಲಿದ್ದವು ಗೊತ್ತಾ? ಎದೆ ಕಾಯುತ್ತಾ ಎದೆ ಮುಂದೆ. ಹದಿನಾಲ್ಕು ವರ್ಷ ಅಲ್ಲೇ ಇಟ್ಟು ಅಭ್ಯಾಸ. ಮೂಗು ಕೆನ್ನೆ ಕಡೆ ತಿರುಗಿತು. ಆಮೇಲೆ ಅವನ ತೊಡೆಗೆ ಒಂದೇ ಒದೆ ಕೊಟ್ಟೆ, ಗೋಡೆ ಹಿಡಿದು ಕೂತ, ಏಳಲಿಲ್ಲ. ಗೆದ್ದವನು ನಾನೇ. ಆದರೆ ಮೂಗನ್ನು ಎರಡು ಸಲ ಕೂರಿಸಿದರೂ ಬಲ ಹೊಳ್ಳೆ ಇನ್ನೂ ಕಟ್ಟಿಕೊಂಡೇ ಇದೆ. ಗೊರಕೆ ಜಾಸ್ತಿಯಾಗಿ ಹೆಂಡತಿ ಬೇರೆ ಕೋಣೆಯಲ್ಲಿ ಮಲಗುತ್ತಾಳೆ. ಯಾರಾದರೂ ಕರಾಟೆ ಕೆಲಸಕ್ಕೆ ಬಾರದು ಅಂದರೆ ಆ ಮನುಷ್ಯನ ತೊಡೆ ಕೇಳಿ.

ಎಡಗೈ:
ಎರಡು ತಿಂಗಳು ಬಾಕ್ಸಿಂಗ್ ಮಾಡಿದ್ದರೆ ಕೈ ಮೇಲಿರುತ್ತಿತ್ತು.

ವಕ್ರಮೂಗು:
ಎರಡು ತಿಂಗಳು ಕರಾಟೆ ಮಾಡಿದ್ದರೆ ನೀವು ಹಣೆಗೆ ಗುದ್ದುತ್ತಿರಲಿಲ್ಲ.

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ನನ್ನ ಮಂಡಿ ಬಗ್ಗೆ ಯಾರಾದರೂ ಹೇಳುತ್ತೀರಾ?

ಪಟ್ಟು:
ಮಂಡಿಯ ಸುದ್ದಿ ನನ್ನನ್ನು ಕೇಳಿ. ಒಂದೇ ಮ್ಯಾಟ್ ಮೇಲೆ ಐದು ಜೋಡಿ ಬಿಟ್ಟಿದ್ದರು. ನನ್ನ ಎದುರಾಳಿ ಏನೂ ಮಾಡಲಿಲ್ಲ. ಪಕ್ಕದ ಜೋಡಿ ಉರುಳಿ ಬಂದು ನನ್ನ ಮಂಡಿ ಮೇಲೆ ಬಿತ್ತು. ಟಪ್ ಅಂತ ಸದ್ದು, ಒಳಗೆ ಬಿಸಿ ಬಿಸಿ. ಸಂಜೆಗೆ ಮಂಡಿಚಿಪ್ಪೇ ಕಾಣುತ್ತಿರಲಿಲ್ಲ, ಅಷ್ಟು ಊತ. ಎಸಿಎಲ್, ಅಂದರೆ ಮಂಡಿಯೊಳಗಿನ ಮುಖ್ಯ ಅಸ್ಥಿರಜ್ಜು, ಹರಿದಿತ್ತು. ತೊಡೆ ಹಿಂದಿನ ಸ್ನಾಯುರಜ್ಜು ತೆಗೆದು ಒಳಗೆ ಕಟ್ಟಿದರು. ಮೂರನೇ ವಾರ ಟೇಪ್ ಹಿಡಿದು ಅಳೆದೆ, ಆ ತೊಡೆ ನಾಲ್ಕು ಸೆಂಟಿಮೀಟರ್ ಸಣ್ಣ. ಆಮೇಲೆ ಪ್ರತಿ ಭಾನುವಾರ ಅಳೆಯುತ್ತಿದ್ದೆ, ಗೋಡೆ ಮೇಲೆ ಪೆನ್ಸಿಲ್‌ನಲ್ಲಿ ಬರೆದು. ಮತ್ತೆ ಮ್ಯಾಟ್ ಹತ್ತಲು ಒಂಬತ್ತು ತಿಂಗಳು. ಹತ್ತನೇ ತಿಂಗಳೂ ಆ ಕಾಲು ಮುಂದಿಡಲು ಧೈರ್ಯ ಬರುತ್ತಿರಲಿಲ್ಲ. ಆದರೂ ಕುಸ್ತಿ ಬಿಟ್ಟಿಲ್ಲ. ಜಿಯು ಜಿತ್ಸುಗೆ ಹೋದರೆ ಮಾತ್ರ ಹುಷಾರು. ಹಿಮ್ಮಡಿ ಹಿಡಿದು ತಿರುಚುವ ಹೀಲ್ ಹುಕ್ ಪಟ್ಟು ಹಾಕಿದರೆ ನೋವು ಗೊತ್ತಾಗುವ ಹೊತ್ತಿಗೆ ಒಳಗೆ ಹರಿದಿರುತ್ತದೆ.

ಮುರುಟಿದ ಕಿವಿ:
ತಿಳಿಯದೆ ಹೆದರಿಸಬೇಡಿ ಗುರು. ನಮ್ಮಲ್ಲಿ ಬಿಳಿ ಬೆಲ್ಟಿನವರಿಗೆ ಹೀಲ್ ಹುಕ್ ಬಿಡುವುದೇ ಇಲ್ಲ. ನಿಮ್ಮ ಮಂಡಿ ಹರಿದದ್ದು ಕುಸ್ತಿಯಲ್ಲಿ, ಬೈಯೋದು ನಮ್ಮನ್ನಾ?

ಎಡಗೈ:
ಹುಳುಕಡ್ಡಿ ಬಗ್ಗೆಯೂ ಹೆದರಿಸಬಾರದಾ? ಬೆವರಿದ ಗೀಯನ್ನು ಎರಡು ದಿನ ಚೀಲದಲ್ಲೇ ಬಿಟ್ಟು ಮತ್ತೆ ಹಾಕಿಕೊಂಡು ಬರುವವರನ್ನು ನಾನೇ ನೋಡಿದ್ದೇನೆ.

ರಾತ್ರಿಪಾಳಿ:
ಸರಿ, ಈ ವಾರ ಒಂದು ಸಂಜೆ ಜೂಡೋ, ಒಂದು ಸಂಜೆ ಬಾಕ್ಸಿಂಗ್ ನೋಡಿ ಬರುತ್ತೇನೆ.

ಮುರುಟಿದ ಕಿವಿ:
@ಎಡಗೈ, ನಿಮ್ಮ ಗ್ಲೌಸ್ ಒಳಗೆ ಒಂದು ಸಲ ಮೂಗಿಟ್ಟು ನೋಡಿ, ಆಮೇಲೆ ಮಾತಾಡೋಣ. ಗೀಯನ್ನಾದರೂ ಒಗೆಯಬಹುದು.