ರ‍್ಯಾನ್ಸಮ್‌ವೇರ್‌ಗೆ ಒತ್ತೆ ಅನ್ನೋದಾ, ಸುಲಿಗೆ ಅನ್ನೋದಾ?

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಸರ್ಕಾರಿ ಹೈಸ್ಕೂಲು ಮೇಷ್ಟ್ರುಗಳಿಗೆ, ಆಫೀಸಿನ ಗುಮಾಸ್ತರಿಗೆ ಅಂತ ಕಂಪ್ಯೂಟರ್ ಜೋಪಾನದ ಬಗ್ಗೆ ಎರಡು ಪುಟ ಬರೀತಾ ಇದೀನಿ, ಮೊದಲನೇ ಸಾಲಲ್ಲೇ ಸಿಕ್ಕಾಕ್ಕೊಂಡೆ. ಕಂಪ್ಯೂಟರ್‌ಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ, ಬಿಡಿಸೋಕೆ ದುಡ್ಡು ಕೇಳೋ ಕಳ್ಳ ಸಾಫ್ಟ್‌ವೇರ್‌ಗೆ ರ‍್ಯಾನ್ಸಮ್‌ವೇರ್ ಅಂತಲೇ ಬಿಟ್ಟಿದ್ದೆ, ಒಬ್ಬ ಗುಮಾಸ್ತರು ಓದಿ "ಇದನ್ನ ಎಲ್ಲಾ ಸಿಸ್ಟಮ್‌ಗೂ ಹಾಕ್ಕೋಬೇಕಾ ಸಾರ್?" ಅಂದ್ರು. ಅವರದೇನೂ ತಪ್ಪಿಲ್ಲ, ಸಾಫ್ಟ್‌ವೇರ್ ಹಾರ್ಡ್‌ವೇರ್ ಜೊತೆ ಇದೂ ಒಂದು ವೇರ್ ಅನ್ಕೊಂಡ್ರು.

ಒತ್ತೆಯಾಳು, ಒತ್ತೆಹಣ ಇವೆಯಲ್ಲ, ಹಂಗಾಗಿ "ಒತ್ತೆ ಕುತಂತ್ರಾಂಶ" ಅಂತ ಬರೆದೆ. ಫೈಲು ನಮ್ಮ ಡಿಸ್ಕಲ್ಲೇ ಇರುತ್ತೆ, ಬೀಗ ಮಾತ್ರ ಅವರದು, ಅರ್ಥ ಸರಿಯಾಗೇ ಕೂತಿದೆ ಅನ್ನಿಸ್ತು. ಆದ್ರೆ ಒತ್ತೆ ಅಂದ ತಕ್ಷಣ ನನಗೆ ನೆನಪಾಗೋದು ಅಜ್ಜಿ ಸರ ಒತ್ತೆ ಇಟ್ಟು ಬಿತ್ತನೆ ಬೀಜ ತರ್ತಿದ್ದಿದ್ದು, ಅಸಲು ಬಡ್ಡಿ ಕಟ್ಟಿದ್ರೆ ಸೇಟು ಸರ ವಾಪಸ್ ಕೊಡ್ತಿದ್ದ, ಅಂದ್ರೆ ಆ ಪದದ ಒಳಗೇ ಒಂದು ನಂಬಿಕೆ ಕೂತಿದೆ, ದುಡ್ಡು ಕಟ್ಟು ಬಿಡಿಸ್ಕೋ ಅಂತ. ಕಳ್ಳರ ವಿಷಯದಲ್ಲಿ ಆ ನಂಬಿಕೆ ಹುಟ್ಟಿಸಬಹುದಾ?

ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ಯೂನಿವರ್ಸಿಟಿಯಲ್ಲಿ 2019ರ ಡಿಸೆಂಬರ್‌ನಲ್ಲಿ ಒತ್ತೆ ಥರಾನೇ ಆಯ್ತು. ಅಕ್ಟೋಬರ್‌ನಲ್ಲಿ ಯಾರೋ ಒಂದು ಮೋಸದ ಮೇಲ್‌ನ ಲಿಂಕ್ ಒತ್ತಿದ್ದು, ಕ್ರಿಸ್‌ಮಸ್ ಹೊತ್ತಿಗೆ 267 ಸರ್ವರ್‌ಗೆ ಬೀಗ ಬಿತ್ತು. 30 ಬಿಟ್‌ಕಾಯಿನ್, ಆಗಿನ ಲೆಕ್ಕಕ್ಕೆ ಸುಮಾರು 2 ಲಕ್ಷ ಯೂರೋ ಕಟ್ಟಿದ್ರು, ಕೀ ಸಿಕ್ತು. (ಆ ದುಡ್ಡಲ್ಲಿ ಒಂದು ಪಾಲು ಪೊಲೀಸರ ಕೈಗೆ ಸಿಕ್ಕಿ, ಬಿಟ್‌ಕಾಯಿನ್ ರೇಟು ಏರಿ, 2022ರಲ್ಲಿ ಅದೇ ಸುಮಾರು 5 ಲಕ್ಷ ಯೂರೋ ಬಾಳ್ತಿತ್ತು. ಬಡ್ಡಿ ಅಂದ್ರೆ ಇದು!)

ಆದ್ರೆ ಅಮೆರಿಕದ ಎಷ್ಟೋ ಶಾಲೆಗಳು ಬಳಸೋ ಪವರ್‌ಸ್ಕೂಲ್ ಅನ್ನೋ ಸಾಫ್ಟ್‌ವೇರ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಆಗಿದ್ದೇ ಬೇರೆ. ಬೀಗ ಗೀಗ ಏನಿಲ್ಲ, ಮಕ್ಕಳ ವಿವರ ಕಾಪಿ ಮಾಡ್ಕೊಂಡು ಹೋದ್ರು, ಕಂಪನಿ ದುಡ್ಡೂ ಕೊಡ್ತು, ಆಮೇಲೆ 2025ರ ಮೇನಲ್ಲಿ ಅದೇ ಡೇಟಾ ಇಟ್ಕೊಂಡು ಶಾಲೆಗಳಿಗೇ ನೇರ ಬೆದರಿಕೆ ಮೇಲ್ ಬಂತು. ಒತ್ತೆ ಇಟ್ಟಿದ್ದೇ ಇಲ್ಲ ಇಲ್ಲಿ, ಬಿಡಿಸ್ಕೊಳ್ಳೋದು ಏನನ್ನ? ಇದು ಅಪ್ಪಟ ಸುಲಿಗೆ.

ಸರಿ ಅಂತ "ಸುಲಿಗೆ ತಂತ್ರಾಂಶ" ಅಂತ ತಿದ್ದಿದೆ. "ಶಾಲೆಗಳಲ್ಲಿ ಸುಲಿಗೆ ತಂತ್ರಾಂಶ" ಅನ್ನೋ ತಲೆಬರಹ ನೋಡಿ ನಮ್ಮನೆಯವಳು, "ಏನ್ರೀ, ಡೊನೇಷನ್ ವಸೂಲಿಗೂ ಆಪ್ ಬಂತಾ?" ಅಂದ್ಲು. ಶಾಲೆ ಪಕ್ಕ ಸುಲಿಗೆ ಬಂದ್ರೆ ನಮ್ಮ ಜನಕ್ಕೆ ಫೀಸೇ ನೆನಪಾಗೋದು, ಏನ್ ಮಾಡೋದು. ಅದಕ್ಕೆ ಈಗ "ಸುಲಿಗೆ ವೈರಸ್" ಅಂತ ಇಟ್ಟಿದೀನಿ. ಇದು ವೈರಸ್ ಅಲ್ಲ ಅಂತ ಗೊತ್ತಿರೋರು ಬೈತಾರೆ, ಬೈಯ್ಲಿ, ಗುಮಾಸ್ತರಿಗೆ ಹೆದರಿಕೆ ಆದ್ರೆ ನನಗೆ ಸಾಕು.

ಇನ್ನೊಂದು ತಕರಾರು ಬ್ಯಾಕಪ್ ಪದದ್ದು. "ಬ್ಯಾಕಪ್ ಇದೆ ಸಾರ್" ಅಂತ ಅದೇ ಗುಮಾಸ್ತರು ತೋರಿಸಿದ್ದು ಸಿಪಿಯು ಪಕ್ಕಕ್ಕೆ ಸೆಲೋಟೇಪ್ ಹಾಕಿ ಅಂಟಿಸಿದ್ದ ಹಾರ್ಡ್ ಡಿಸ್ಕು, ಹಗಲೂ ರಾತ್ರಿ ಚುಚ್ಚಿಟ್ಟಿದ್ದು, ಲೈಟು ಮಿಣಮಿಣ ಅಂತಿತ್ತು. ಕಂಪ್ಯೂಟರ್‌ಗೆ ಬೀಗ ಬಿದ್ರೆ ಅದಕ್ಕೂ ಬೀಳುತ್ತೆ, ಮಾಸ್ಟ್ರಿಕ್ಟ್‌ನಲ್ಲೂ ಬ್ಯಾಕಪ್ ಸರ್ವರ್ ಕೆಲವು ಹಂಗೇ ಹೋಗಿದ್ದು. "ಮೀಸಲು ಪ್ರತಿ" ಅಂತ ಬರೆದ್ರೂ ಕಿತ್ತಿಡಬೇಕು ಅನ್ನೋದು ಹೊಳೆಯಲ್ಲ. ಅಡ್ಮಿಷನ್ ರಿಜಿಸ್ಟರ್‌ನ ಬೀರುವಲ್ಲಿಟ್ಟು ಬೀಗ ಹಾಕೋದು ಅವರಿಗೆ ರೂಢಿ ಇದೆಯಲ್ಲ, ಅದಕ್ಕೆ "ಬೀರು ಕಾಪಿ" ಅಂತ ಬರೆದಿದೀನಿ. "ವಾರಕ್ಕೊಂದು ಬೀರು ಕಾಪಿ ತಗೊಳ್ಳಿ" ಅಂದಾಗ ಅವರು ಏನೂ ಕೇಳ್ಲಿಲ್ಲ, ಡಿಸ್ಕ್ ಕಿತ್ತು ಬೀಗದಕೈ ಹುಡುಕೋಕೆ ಹೋದ್ರು.

ಧಾರವಾಡ ಕಡೆಯವರು ಅಡವು ಇಡೋದಕ್ಕೆ "ಒತ್ತಿ" ಅಂತೀರಲ್ಲ, ಮನುಷ್ಯರನ್ನ ಹಿಡಿದಿಟ್ಕೊಂಡ್ರೂ ಅದನ್ನೇ ಅಂತೀರಾ, ಬೇರೆ ಮಾತು ಇದೆಯಾ? ಇದ್ರೆ ಬರೀರಿ, ಪ್ರಿಂಟಿಗೆ ಕೊಡೋದು ಸೋಮವಾರ.