ಸಹಾಯ ಬೇಕು: ಮಂದದೃಷ್ಟಿಯವರಿಗೂ ಒಗ್ಗುವ ಕನ್ನಡ ಫಾಂಟ್

ಎಲ್ಲರಿಗೂ ನಮಸ್ಕಾರ. ಕಣ್ಣು ಮಂದವಿರುವವರೂ ಆರಾಮಾಗಿ ಓದಬಲ್ಲ ಕನ್ನಡ–ಇಂಗ್ಲಿಷ್ ಫಾಂಟ್ ಮಾಡುತ್ತಿದ್ದೇನೆ. ಇಂಗ್ಲಿಷ್‌ಗೆ ಬ್ರೈಲ್ ಇನ್‌ಸ್ಟಿಟ್ಯೂಟ್‌ನ ಅಟ್ಕಿನ್ಸನ್ ಹೈಪರ್‌ಲೆಜಿಬಲ್ ಎಂಬ ಇಂಥ ಫಾಂಟ್ ಇದೆ. ಅದರಲ್ಲಿ ದೊಡ್ಡ ಐ, ಸಣ್ಣ ಎಲ್, ಅಂಕಿ 1 ಬೇರೆ ಬೇರೆಯಾಗಿಯೇ ಕಾಣುತ್ತವೆ.

ಕನ್ನಡದ ತೊಡಕೇ ಬೇರೆ. ದ–ಧ, ಬ–ಭ, ಡ–ಢ ಜೋಡಿಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಪುಟ್ಟ ಗೀಟು. ಅಕ್ಷರ ದಪ್ಪವಾದರೆ ಅದು ಪಕ್ಕದ ಗೆರೆಗೆ ಅಂಟಿ ಮಾಯವಾಗುತ್ತದೆ. ಗೀಟು ಉದ್ದ ಮಾಡಿದರೆ ಒತ್ತಕ್ಷರಕ್ಕೆ ತಾಗುತ್ತದೆ. ಒತ್ತಕ್ಷರ ಕೆಳಗಿಳಿಸಿದರೆ ಸಾಲುಗಳ ಅಂತರ ಜಾಸ್ತಿ ಬೇಕು, ಆಗ ಇಂಗ್ಲಿಷ್ ಸಾಲುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಮಂದದೃಷ್ಟಿ ಇರುವವರು ದಯವಿಟ್ಟು ಹೇಳಿ: ಯಾವ ಅಕ್ಷರಗಳು ನಿಮಗೆ ಹೆಚ್ಚು ಗೊಂದಲ ಮಾಡುತ್ತವೆ? ನಿಮ್ಮ ಮಾತೇ ನನಗೆ ಮುಖ್ಯ. ಫಾಂಟ್ ಮಾಡುವವರೇ, ಒತ್ತಕ್ಷರದ ಅಳತೆ ಹೇಗೆ ಇಟ್ಟಿದ್ದೀರಿ? ಮಾದರಿ ಓದಿ ನೋಡಲು ಸಿದ್ಧರಿರುವವರು ಇಲ್ಲೇ ತಿಳಿಸಿ, ಕಳಿಸುತ್ತೇನೆ.