ಮಂಜನ ಲ್ಯಾಪ್‌ಟಾಪಲ್ಲಿ ನಾಲ್ಕು ಜನ ಭಟ್ರು

ಭಾನುವಾರ ಬೆಳಗ್ಗೆ ದರ್ಶಿನಿ ಮುಂದೆ ನಿಂತ್ಕೊಂಡು ಕಾಫಿ ಕುಡೀತಿದ್ವಿ, ಮಂಜ ಬಂದೋನೇ ಲೋಟ ಇಡೋ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ "ಲೋ, ಇಲ್ಲೆಲ್ಲಾದ್ರೂ ಪ್ಲಗ್ ಪಾಯಿಂಟ್ ಇದ್ಯೇನ್ರೋ" ಅಂದ.

"ಬ್ಯಾಟರಿ ಉಳಿಸೋದು ಹೆಂಗೇಂತ ಮೊನ್ನೆ ನಮಗೇ ಪಾಠ ಮಾಡ್ತಿದ್ದೆ?" ಸೀನ ಕಾಲೆಳೆದ.

"ಮಾಡಿದೀನಪ್ಪ ಎಲ್ಲಾ! ಲಿನಕ್ಸಲ್ಲಿ, ಅದೇ ನಾನು ವಿಂಡೋಸ್ ಬದ್ಲು ಹಾಕ್ಕೊಂಡಿರೋ ಸಾಫ್ಟ್‌ವೇರಲ್ಲಿ, ಗವರ್ನರ್ ಅಂತ ಒಬ್ಬ ಇರ್ತಾನೆ, ಪ್ರೊಸೆಸರ್ ಎಷ್ಟು ಸ್ಪೀಡಲ್ಲಿ ಓಡ್ಬೇಕು ಅಂತ ತೀರ್ಮಾನ ಮಾಡೋನು ಅವನೇ. ವಿಡಿಯೋ ಎಡಿಟಿಂಗಿಗೆ ಅಂತ ಫುಲ್ ಸ್ಪೀಡಲ್ಲಿ ಓಡ್ಸೋ ಪರ್ಫಾರ್ಮೆನ್ಸ್ ಹಾಕಿದ್ದೆ, ಅದನ್ನ ಅಳಿಸಿ ನಿಧಾನಕ್ಕೆ ಓಡ್ಸೋ ಪವರ್‌ಸೇವ್ ಅಂತ ಬರ್ದೆ."

"ಇಷ್ಟು ಚಿಕ್ಕ ಡಬ್ಬೀಲಿ ರಾಜಭವನ ಎಲ್ಲೋ ಕಟ್ಟಿದಾರೆ?" ಅಂದ ಗಿರಿ.

ನಾನು ಕೇಳ್ದೆ, "ಬರ್ದಿದ್ದೆಲ್ಲಿ?"

"ಸಿಪಿಯು ಸೊನ್ನೆ ಅಂತ ಫೋಲ್ಡರ್ ಇತ್ತಲ್ಲ, ಅದ್ರಲ್ಲಿ."

"ನಿನ್ನ ಪ್ರೊಸೆಸರಲ್ಲಿ ನಾಲ್ಕು ಕೋರ್, ಅಂದ್ರೆ ಕೆಲಸ ಮಾಡೋ ನಾಲ್ಕು ಭಾಗ ಇದಾವಲ್ಲ, ಸೊನ್ನೆ ಬಿಟ್ಟು ಒಂದು, ಎರಡು, ಮೂರಕ್ಕೆ?"

ಮಂಜ ಕಾಫಿ ಕಡೆ ನೋಡ್ದ.

"ಮದುವೆ ಮನೇಲಿ ನಾಲ್ಕು ಜನ ಅಡುಗೆ ಭಟ್ರು, ನೀನು ಮೊದಲನೆಯೋರಿಗೆ ಮಾತ್ರ ಒಲೆ ಸಣ್ಣ ಮಾಡಿ ಸ್ವಾಮಿ ಅಂದು ಬಂದಿದೀಯ" ಅಂತ ಸೀನ ಶುರು ಹಚ್ಕೊಂಡ. "ಅದೂ ಅಲ್ದೆ ಹಳೇ ಚಿಪ್ಪುಗಳು ಎಷ್ಟೋದ್ರಲ್ಲಿ ಎಲ್ಲಾ ಕೋರಿಗೂ ಸ್ಪೀಡ್ ಹೇಳೋ ಕ್ಲಾಕು ಒಂದೇ ಕಣೋ, ಯಾರು ಜಾಸ್ತಿ ಸ್ಪೀಡ್ ಕೇಳ್ತಾರೋ ಅವರದ್ದೇ ನಡೆಯೋದು, ಹಂಗಾಗಿ ಸೊನ್ನೆ ಭಟ್ರ ಒಲೇನೂ ಸಣ್ಣ ಆಗಿರಲ್ಲ."

"ಅದು ಗೊತ್ತಾಗಿ ನಿನ್ನೆ ಮೂರೂ ಕೋರ್ ಆಫ್ ಮಾಡ್ಬಿಟ್ಟೆ! ಸೊನ್ನೇನೂ ಮಾಡೋಣ ಅಂದ್ರೆ ಬಿಡ್ಲಿಲ್ಲ."

"ಅದು ಮನೆ ಯಜಮಾನ, ಅದನ್ನೂ ಕಳಿಸಿದ್ರೆ ಬಾಗಿಲು ತೆಗೆಯೋರ್ಯಾರು. ಆಮೇಲೆ?" ಅಂದ ಸೀನ.

"ಹತ್ತು ನಿಮಿಷದ ವಿಡಿಯೋ ಎಕ್ಸ್‌ಪೋರ್ಟಿಗೆ ಹಾಕಿ ಮಲಗ್ದೆ, ಎದ್ದಾಗ ಇನ್ನೂ ಅರ್ಧ ಆಗಿತ್ತು."

ನೋಡಿ ಇಲ್ಲೇ ಎಲ್ಲರೂ ಎಡವೋದು. ವೋಲ್ಟೇಜನ್ನ ಅದರಿಂದಲೇ ಗುಣಿಸಿ ಮತ್ತೆ ಸ್ಪೀಡಿಂದ ಗುಣಿಸಿದ್ರೆ ಎಷ್ಟು ಬರುತ್ತೋ ಅದರ ಲೆಕ್ಕದಲ್ಲಿ ಚಿಪ್ಪು ಕರೆಂಟ್ ತಿನ್ನತ್ತೆ, ಹಾಗಾಗಿ ಸ್ಪೀಡ್ ಜೊತೆ ವೋಲ್ಟೇಜೂ ಇಳಿದ್ರೆ ಲಾಭ ಜೋರು, ವೋಲ್ಟೇಜ್ ಇನ್ನು ಇಳಿಯಲ್ಲ ಅನ್ನೋ ಮಟ್ಟ ಮುಟ್ಟಿದ್ಮೇಲೂ ನಿಧಾನ ಮಾಡ್ತಾ ಹೋದ್ರೆ ಕೆಲಸ ಎಳೆಯತ್ತೆ, ಅಷ್ಟು ಹೊತ್ತೂ ಸ್ಕ್ರೀನು, ವೈಫೈ, ಫ್ಯಾನು ಎಲ್ಲಾ ಕೂತು ತಿಂತಿರತ್ತೆ. ಬೇಗ ಬಡಿಸಿ ಭಟ್ರನ್ನ ಮಲಗಿಸೋದೇ ಎಷ್ಟೋ ಸಲ ಅಗ್ಗ. ಕೆಲಸ ಇಲ್ದಾಗ ಕೋರ್‌ಗಳು ತಾವೇ ನಿದ್ದೆಗೆ ಜಾರತ್ವೆ, ನಾವು ಹೋಗಿ ಆಫ್ ಮಾಡೋ ದರ್ದಿಲ್ಲ.

"ಹೋಗ್ಲಿ, ಬ್ಯಾಟರೀನ ಒಂದ್ಸಲನಾದ್ರೂ ಕೇಳಿದೀಯಾ?" ಅಂತ ಗಿರಿ ಲ್ಯಾಪ್‌ಟಾಪ್ ಎಳ್ಕೊಂಡು ಟರ್ಮಿನಲ್ಲಲ್ಲಿ ಏನೋ ಕುಟ್ಟಿದ. ಬ್ಯಾಟರಿ ಹೊಸದಾಗಿದ್ದಾಗ ಹಿಡೀತಿದ್ದ ಕರೆಂಟು 48 ವಾಟ್ ಅವರ್, ಈಗ ಫುಲ್ ಚಾರ್ಜ್ ಮಾಡಿದ್ರೂ 19. ಬ್ರೈಟ್‌ನೆಸ್ ನೂರಕ್ಕೆ ನೂರು.

"ಹಂಗಾದ್ರೆ ಗವರ್ನರ್‌ದೇನೂ ತಪ್ಪಿಲ್ವಾ?" ಅನ್ನೋಷ್ಟರಲ್ಲಿ ಸ್ಕ್ರೀನ್ ಕಪ್ಪಾಯ್ತು.

ಪ್ಲಗ್ ಪಾಯಿಂಟ್ ಪಕ್ಕದ ಕಬ್ಬಿನ ಹಾಲಿನ ಅಂಗಡೀಲಿ ಸಿಕ್ತು. ಒಂದ್ ಲೋಟ ತಗೊಂಡ್ರೆ ಹತ್ತು ನಿಮಿಷ ಹಾಕ್ಕೊಳಿ ಸಾರ್, ಅಂದ ಹುಡುಗ. ಮಂಜ ನಾಲ್ಕು ಲೋಟ ಹೇಳ್ದ, ಕೋರಿಗೊಂದು.